ಲಿವರ್ ಆಪರೇಶನ್ ಆದ ಮೇಲೆ ಪ್ಲೇಟ್‌ಲೆಟ್ ಇಳಿದರೆ ದಾನಿಗಳನ್ನು ಹುಡುಕಬೇಕಾ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ಗಡ್ಡೆ ಇತ್ತು ಅಂತ ಅಪ್ಪನ ಲಿವರಿನ ಅರ್ಧಕ್ಕಿಂತ ಜಾಸ್ತಿ ಭಾಗ ತೆಗೆದಿದ್ದಾರೆ. ಈಗ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ. 2.1 ಲಕ್ಷ ಇದ್ದ ಪ್ಲೇಟ್‌ಲೆಟ್ ಮೂರನೇ ದಿನಕ್ಕೆ 95 ಸಾವಿರಕ್ಕೆ ಇಳಿದಿದೆ. ಡಾಕ್ಟರು 'ನೋಡುವ' ಅಂತಾರೆ. ದಾನಿಗಳನ್ನು ಹುಡುಕಬೇಕಾ? ಪಪ್ಪಾಯಿ ಎಲೆ ರಸ ಕೊಡಬಹುದಾ?"

ನಿಮ್ಮ ಗಾಬರಿ ಸಹಜ. ನಮ್ಮ ಕರಾವಳಿಯಲ್ಲಿ ಪ್ಲೇಟ್‌ಲೆಟ್ ಅಂದ ಕೂಡಲೇ ಡೆಂಗಿ ನೆನಪಾಗುತ್ತದೆ. 2019ರ ಮಳೆಗಾಲದಲ್ಲಿ ಮಂಗಳೂರಿನವರಿಗೆ ಅದರದ್ದೇ ಚಿಂತೆಯಾಗಿತ್ತು. ಆದರೆ ನಿಮ್ಮ ಅಪ್ಪನದ್ದು ಬೇರೆಯೇ ವಿಷಯ.

ದೊಡ್ಡ ಲಿವರ್ ಆಪರೇಶನ್ ಆದವರಲ್ಲಿ ಮೊದಲ ಮೂರ್ನಾಲ್ಕು ದಿನ ಕೌಂಟ್ ಇಳಿಯುವುದು ಮಾಮೂಲು. ಸ್ವಲ್ಪ ರಕ್ತ ಹೋಗಿರುತ್ತದೆ, ಡ್ರಿಪ್ ಹಾಕಿ ರಕ್ತ ತೆಳುವಾಗಿರುತ್ತದೆ, ಕೊಯ್ದ ಜಾಗ ಮುಚ್ಚಲು ಪ್ಲೇಟ್‌ಲೆಟ್ ಖರ್ಚಾಗುತ್ತದೆ. ಇನ್ನೊಂದು ಕಾರಣವೂ ಉಂಟು. ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನ್ ಬಹುಪಾಲು ಬರುವುದು ಲಿವರಿನಿಂದಲೇ. ಈಗ ಲಿವರೇ ಚಿಕ್ಕದಾಗಿದೆ. ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಕೌಂಟ್ ಏರಲು ಶುರುವಾಗುತ್ತದೆ. ಆಮೇಲೆ ಮೊದಲಿಗಿಂತ ಮೇಲೆ ಹೋಗುವುದೂ ಇದೆ.

ಪ್ಲೇಟ್‌ಲೆಟ್ ಅಂದ್ರೆ ರಕ್ತ ನಿಲ್ಲಿಸುವುದಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಉಳಿದ ಲಿವರ್ ಮತ್ತೆ ಬೆಳೆಯಲೂ ಅದು ಬೇಕು. ಪ್ಲೇಟ್‌ಲೆಟ್ ಒಳಗೆ ಸೆರೊಟೋನಿನ್ ಮತ್ತು ಜೀವಕೋಶಗಳ ಬೆಳವಣಿಗೆಗೆ ಬೇಕಾದ ಪ್ರೋಟೀನ್‌ಗಳಿರುತ್ತವೆ. ಇಲಿಗಳಲ್ಲಿ ಪ್ಲೇಟ್‌ಲೆಟ್ ಕಡಿಮೆ ಮಾಡಿದಾಗ ಲಿವರ್ ಬೆಳೆಯುವುದೇ ಕುಂಠಿತವಾಯಿತು. ಮನುಷ್ಯರಲ್ಲೂ ಆಪರೇಶನ್ ಆದ ಕೂಡಲೇ 1 ಲಕ್ಷಕ್ಕಿಂತ ಕೆಳಗಿದ್ದವರ ಲಿವರ್ ಸುಧಾರಿಸುವುದು ನಿಧಾನವಾಗಬಹುದು ಅಂತ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಡಾಕ್ಟರು "ನೋಡುವ" ಅಂದರೆ ಸುಮ್ನೆ ಕೂತಿದ್ದಾರೆ ಅಂತಲ್ಲ, ಕೌಂಟ್ ಮೇಲೆ ಕಣ್ಣಿಟ್ಟಿದ್ದಾರೆ ಅಂತ.

ಹಾಗಾದರೆ ಹೊರಗಿನಿಂದ ಪ್ಲೇಟ್‌ಲೆಟ್ ಹಾಕಬಾರದಾ ಅಂತ ಕೇಳುತ್ತೀರಿ, ಅಲ್ವಾ? ರಕ್ತಸ್ರಾವ ಇಲ್ಲದಿದ್ದರೆ 95 ಸಾವಿರಕ್ಕೆ ಯಾರೂ ಸಾಮಾನ್ಯವಾಗಿ ಹಾಕುವುದಿಲ್ಲ. ಹಾಕಿದ್ದು ಕೆಲವೇ ದಿನ ಉಳಿಯುತ್ತದೆ, ಜ್ವರ, ಅಲರ್ಜಿಯ ಅಪಾಯವೂ ಇದೆ. ರಕ್ತ ಸೋರುತ್ತಿದ್ದರೆ, ಅಥವಾ ಕೌಂಟ್ ತೀರಾ ಕೆಳಗೆ ಹೋದರೆ ಮಾತು ಬೇರೆ. ಬೇಕಾದರೆ ಆಸ್ಪತ್ರೆಯವರೇ ಎಸ್‌ಡಿಪಿ (ಒಬ್ಬನೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್) ಕೇಳುತ್ತಾರೆ, ಆಗ ದಾನಿಗಳನ್ನು ಕರೆಸಿದರೆ ಸಾಕು.

ಪಪ್ಪಾಯಿ ಎಲೆ ರಸ ಮಾತ್ರ ದಯವಿಟ್ಟು ಬೇಡ. ಈಗಷ್ಟೇ ಆಪರೇಶನ್ ಆದ ಲಿವರಿಗೆ ಹೊಸ ಹೊರೆ ಯಾಕೆ? ಡಾಕ್ಟರನ್ನು ಕೇಳದೆ ನೋವಿನ ಮಾತ್ರೆಯನ್ನೂ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಮೈಯಲ್ಲಿ ಉಳಿದಿರುವ ಪ್ಲೇಟ್‌ಲೆಟ್‌ನ ಕೆಲಸಕ್ಕೂ ಅಡ್ಡಿ ಮಾಡುತ್ತವೆ.

ನಾಳೆ ರೌಂಡ್ಸ್‌ಗೆ ಬಂದಾಗ ಪ್ಲೇಟ್‌ಲೆಟ್ ಜೊತೆ ಬಿಲಿರುಬಿನ್ (ಕಾಮಾಲೆ ತೋರಿಸುವ ಲೆಕ್ಕ) ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಲೆಕ್ಕ) ಎಷ್ಟು ಅಂತಲೂ ಕೇಳಿ. ಐದನೇ ದಿನ ಬಿಲಿರುಬಿನ್ 3ರ ಮೇಲೆ, ಐಎನ್‌ಆರ್ 1.7ರ ಮೇಲೆ, ಎರಡೂ ಒಟ್ಟಿಗೆ ಇದ್ದರೆ ಅದು ಗಂಭೀರ. ಏರಬೇಕಾದ ಹೊತ್ತಿನಲ್ಲಿ ಪ್ಲೇಟ್‌ಲೆಟ್ ದಿಢೀರನೆ ಅರ್ಧಕ್ಕೆ ಇಳಿದರೂ ಕಾರಣ ಹುಡುಕಲೇಬೇಕು. ಸೋಂಕು ಇರಬಹುದು, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಹೆಪಾರಿನ್ ಇಂಜೆಕ್ಷನ್ ಕೂಡ ಆಗಿರಬಹುದು. ಡ್ರೈನ್ ಪೈಪಿನಲ್ಲಿ ಕೆಂಪು ರಕ್ತ ಜಾಸ್ತಿ ಬಂದರೆ, ಮಲ ಕಪ್ಪಗೆ ಹೋದರೆ, ಅಪ್ಪನ ಮಾತು ತಡವರಿಸಿದರೆ ರೌಂಡ್ಸ್ ತನಕ ಕಾಯಬೇಡಿ. ಆಗಲೇ ಸಿಸ್ಟರ್‌ಗೆ ಹೇಳಿ.