ಕಲಬುರಗಿ ಬಿಸಿಲಿನಲ್ಲಿ ಮಣ್ಣಿಲ್ಲದ ಸೊಪ್ಪಿನ ಟವರ್ ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಸಣ್ಣ ಮನೆ, ಅಂಗಳ ಇಲ್ಲ. ಮಾಳಿಗೆ ಮೇಲೆ ಪಿವಿಸಿ ಪೈಪಿನ ಹೈಡ್ರೋಪೋನಿಕ್ ಟವರ್ ನಾವೇ ಮಾಡಿಕೊಳ್ಳಬೇಕು ಅಂತಿದ್ದೇವೆ. ಇಲ್ಲಿನ ಬಿಸಿಲಿಗೆ ಅದು ತಡೆಯುತ್ತದೆಯೇ? ಹೇಗೆ ಮಾಡುವುದು?

ಉತ್ತರ: ಧಾರಾಳವಾಗಿ ಮಾಡಬಹುದು. ಪೈಪಿನ ಕೆಲಸ ಒಂದು ರಜಾ ದಿನದಲ್ಲಿ ಮುಗಿಯುತ್ತದೆ. ಆದರೆ ನಮ್ಮ ಕಡೆ ಟವರ್ ಕೈಕೊಡುವುದು ಹೆಚ್ಚಾಗಿ ಕೆಳಗಿನ ಬಕೆಟ್ಟಿನ ನೀರಿನಿಂದ. ಆ ನೀರು ಕಾಯಬಾರದು, ಉಪ್ಪಾಗಬಾರದು. ಇವೆರಡಕ್ಕೂ ದಾರಿ ಮಾಡಿಕೊಂಡು ಆಮೇಲೆ ಪೈಪ್ ತನ್ನಿ.

ಟವರಿನ ರಚನೆ ಸರಳ. ಮುಚ್ಚಳವಿರುವ 20 ಲೀಟರ್ ಬಕೆಟ್, ಅದರ ಮೇಲೆ ನೆಟ್ಟಗೆ ನಿಂತ ಪೈಪ್, ಪೈಪಿನ ಮೈತುಂಬ ಗಿಡ ಕೂರಿಸುವ ಬಾಯಿಗಳು. ಬಕೆಟ್ಟಿನ ತಳದಲ್ಲಿರುವ ಪಂಪ್ ಒಳಗಿನ ಸಣ್ಣ ಕೊಳವೆಯಲ್ಲಿ ನೀರನ್ನು ತುದಿಗೆ ಎತ್ತುತ್ತದೆ. ತುದಿಯಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ನೀರು ಎಲ್ಲ ಕಡೆ ಹರಡಿ, ಬೇರುಗಳನ್ನು ತೋಯಿಸುತ್ತ ಕೆಳಗಿಳಿದು ಮತ್ತೆ ಬಕೆಟ್ ಸೇರುತ್ತದೆ.

ಪಂಪಿಗೆ ಅಲೆದಾಡಬೇಕಿಲ್ಲ. ಕೂಲರಿಗೆ ಹಾಕುವ 18 ವ್ಯಾಟಿನ ಪಂಪ್ ಸಾಕು, ನಮ್ಮೂರಲ್ಲಿ ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಬಿಟ್ಟು ಬಿಟ್ಟು ದಿನಕ್ಕೆ ಒಟ್ಟು 8 ತಾಸು ಓಡಿದರೂ ತಿಂಗಳಿಗೆ 5 ಯೂನಿಟ್ ಕರೆಂಟ್ ದಾಟುವುದಿಲ್ಲ. ಹಲವು ಪಂಪುಗಳ ಮೇಲೆ 1.85 ಮೀಟರ್ ಎತ್ತರ ಅಂತ ಬರೆದಿರುತ್ತದೆ. ಅಷ್ಟು ಎತ್ತರಕ್ಕೆ ಹೋದರೆ ನೀರು ಬೀಳುವುದೇ ನಿಲ್ಲುತ್ತದೆ ಅಂತ ಅದರ ಅರ್ಥ. ಪಂಪ್ ಬಕೆಟ್ಟಿನ ತಳದಲ್ಲಿರುವುದರಿಂದ ಅಲ್ಲೇ ಒಂದು ಅಡಿ ಹೋಗುತ್ತದೆ. ಹಾಗಾಗಿ ಪೈಪ್ 4 ಅಡಿ ಮೀರಬಾರದು. ಇನ್ನೂ ಎತ್ತರ ಬೇಕು ಅಂದರೆ ದೊಡ್ಡ ಪಂಪ್ ನೋಡಿ.

ಪೈಪ್ 110 ಮಿಲಿಮೀಟರಿನದು ಇರಲಿ. ಸುತ್ತಲೂ ಸಮ ಅಂತರದಲ್ಲಿ ಮೂರು ಗುರುತು ಹಾಕಿ. 8 ಇಂಚು ಮೇಲೆ ಮತ್ತೆ ಮೂರು, ಆದರೆ ಕೆಳಗಿನ ಎರಡರ ನಡುವೆ ಬರುವಂತೆ. ಹೀಗೆ ಐದು ಸಾಲಿಗೆ 15 ಗಿಡ ಆಗುತ್ತವೆ. ಪ್ರತಿ ಗುರುತಿನಲ್ಲಿ ಎರಡೂವರೆ ಇಂಚು ಅಡ್ಡ ಸೀಳು ಕೊಯ್ದು, ಸೀಳಿನ ಕೆಳಭಾಗಕ್ಕೆ ಹೀಟ್ ಗನ್ ಹಿಡಿಯಿರಿ. ಪಿವಿಸಿ ಮೆತ್ತಗಾದಾಗ ಗಾಜಿನ ಬಾಟಲಿಯ ಕತ್ತನ್ನು ಓರೆಯಾಗಿ ಒಳಗೆ ತೂರಿಸಿ, ಕೆಳಗಿನ ಅಂಚನ್ನು ಹೊರಗೆ ಎಳೆಯಿರಿ. ತಣ್ಣಗಾಗುವವರೆಗೆ ಬಾಟಲಿ ಹಾಗೇ ಇರಲಿ. ಆ ಅಂಚು ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ನೀರು ಮಾಳಿಗೆ ತುಂಬ ಹನಿಯುತ್ತದೆ. ಈ ಕೆಲಸ ಬಯಲಲ್ಲೇ ಮಾಡಿ, ಒಲೆ ಬೆಂಕಿಗೆ ಪೈಪ್ ಹಿಡಿಯಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಎದೆಗೆ ತುಂಬ ಕೆಟ್ಟದ್ದು.

ಈಗ ಬಿಸಿಯ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಬಿಸಿಲಲ್ಲಿಟ್ಟ ಬಕೆಟ್ಟಿನ ನೀರು ಇನ್ನೂ ಜಾಸ್ತಿ ಕಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿರಬಲ್ಲದು, 40 ಡಿಗ್ರಿಯಲ್ಲಿ ಆರೂವರೆಯೂ ಇಲ್ಲ. ಬೇರಿಗೆ ಉಸಿರು ಸಾಲದೆ ಕಂದಾಗಿ, ಲೋಳೆ ಹಿಡಿದು ಕೊಳೆಯುತ್ತದೆ. ಮೇಲೆ ಎಲೆ ಬಾಡಿದ್ದು ನೋಡಿ ನೀರು ಸಾಲದು ಅಂದುಕೊಳ್ಳುತ್ತೇವೆ, ತೊಂದರೆ ಇರುವುದು ಬೇರಿನಲ್ಲಿ.

ಇದಕ್ಕೆ ಉಪಾಯ ನಮ್ಮ ಮನೆಗಳಲ್ಲೇ ಇದೆ. ಬಕೆಟ್ಟಿಗೆ ಗೋಣಿತಟ್ಟು ಸುತ್ತಿ ದಿನಕ್ಕೆ ಎರಡು ಮೂರು ಸಲ ಒದ್ದೆ ಮಾಡಿ. ಬೇಸಿಗೆಯ ನಮ್ಮ ಒಣ ಗಾಳಿಗೆ ಆ ತೇವ ಬೇಗ ಆರುತ್ತದೆ, ಆರುವಾಗ ಮಣ್ಣಿನ ರಂಜಣಗಿಯ ಹಾಗೆ ಒಳಗಿನ ನೀರನ್ನು ತಂಪು ಮಾಡುತ್ತದೆ. ಪೈಪಿಗೆ ಹೊರಗಡೆ ಬಿಳಿ ಬಣ್ಣ ಬಳಿಯಿರಿ. ಬಕೆಟ್ಟನ್ನು ಗೋಡೆಯ ನೆರಳಲ್ಲಿಡಿ. ಮೇಲೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿ. ಇಷ್ಟೆಲ್ಲ ಮಾಡಿದರೂ ಮೇ ತಿಂಗಳಲ್ಲಿ ಪಾಲಕಿನ ಆಸೆ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಜೂನ್ ತಿಂಗಳ ಮಿರಗದ ಮಳೆ ಬಿದ್ದ ಮೇಲೆ ಶುರು ಮಾಡಿ, ದಸರೆಯಿಂದ ಶಿವರಾತ್ರಿವರೆಗೆ ಚೆನ್ನಾಗಿ ಕೊಯ್ಯಿರಿ. ಬೀದರ್ ಎತ್ತರದಲ್ಲಿದೆ, ಅಲ್ಲಿಯವರಿಗೆ ಇನ್ನಷ್ಟು ದಿನ ಸಿಗಬಹುದು.

ಉಪ್ಪಿನ ವಿಷಯಕ್ಕೆ ಬರೋಣ. ಶಹಾಬಾದ್, ಸೇಡಂ, ವಾಡಿ ಕಡೆಯ ನೆಲದಡಿ ಸುಣ್ಣಕಲ್ಲು ಇದೆ ಅಲ್ವಾ? ಅಂಥ ನೆಲದ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಬೈಕಾರ್ಬನೇಟ್ ಎಂಬ ಲವಣ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರಿಸುತ್ತಲೇ ಇರುತ್ತದೆ. ಸೊಪ್ಪಿಗೆ ಬೇಕಾದದ್ದು 5.5ರಿಂದ 6.5. ಪಿಎಚ್ ಏರಿದರೆ ನೀರಲ್ಲಿ ಕಬ್ಬಿಣ ಇದ್ದರೂ ಗಿಡ ಅದನ್ನು ಎಳೆದುಕೊಳ್ಳಲಾರದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ ಅಂತ ಮೊದಲು ಅನುಮಾನಿಸಿ. ಮಳೆನೀರು ಹಿಡಿದಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಉಪ್ಪು ತೆಗೆಯುವ ಆರ್‌ಒ ಫಿಲ್ಟರಿನ ಕುಡಿಯುವ ನೀರನ್ನೇ ಬೆರೆಸಿ. ಫಿಲ್ಟರ್ ಹೊರಗೆ ಬಿಡುವ ನೀರು ಮಾತ್ರ ಬೇಡವೇ ಬೇಡ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಪಿಎಚ್ ಇಳಿಸಲು ನಿಂಬೆಹುಳಿ ಹಾಕಿದರೆ ಒಂದೆರಡು ದಿನಕ್ಕೆ ಮತ್ತೆ ಏರುತ್ತದೆ. ಫಾಸ್ಫರಿಕ್ ಆಮ್ಲದಿಂದ ಮಾಡಿದ ದ್ರಾವಣವನ್ನು ಹನಿ ಹನಿಯಾಗಿ ಹಾಕಿ.

ಗೊಬ್ಬರಕ್ಕೆ ಯೂರಿಯಾ ನಂಬಬೇಡಿ. ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡಿ ಗಿಡಕ್ಕೆ ಕೊಡುತ್ತವೆ, ಹೊಸ ಬಕೆಟ್ಟಿನಲ್ಲಿ ಅವು ಸಾಕಷ್ಟು ಇರುವುದಿಲ್ಲ. ಹೈಡ್ರೋಪೋನಿಕ್ಸಿಗೆ ಅಂತಲೇ ಮಾರುವ ಎ ಮತ್ತು ಬಿ ದ್ರಾವಣ ತನ್ನಿ. ಅವೆರಡನ್ನೂ ಗಟ್ಟಿಯಾಗಿರುವಾಗಲೇ ಕಲಸಬೇಡಿ. ಒಂದರಲ್ಲಿನ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜತೆ ಸೇರಿ ತಳಕ್ಕೆ ಕೂತರೆ ಗಿಡಕ್ಕೆ ದಕ್ಕುವುದಿಲ್ಲ. ಮೊದಲು ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕದಡಿ, ಆಮೇಲೆ ಇನ್ನೊಂದು.

ಟವರಿಗೆ ಪುದೀನ, ಪಾಲಕ, ರಾಜಗಿರಿ, ಕೊತ್ತಂಬರಿ ಒಗ್ಗುತ್ತವೆ. ಮೊದಲ ಸಲ ಪುದೀನ ಹಾಕಿ, ಅದು ಸುಲಭಕ್ಕೆ ಸಾಯುವುದಿಲ್ಲ. ಮೆಂತ್ಯವನ್ನು ಒತ್ತಾಗಿ ಚೆಲ್ಲಿ ಬೆಳೆಯುವುದರಿಂದ ಅದಕ್ಕೆ ಅಗಲವಾದ ಟ್ರೇ ಬೇಕು. ಪುಂಡಿ ಎತ್ತರ ಬೆಳೆಯುವ ಗಿಡ, ಅದು ಹೊಲದಲ್ಲೇ ಚೆಂದ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಬೇರು ಕೆಲವೇ ತಾಸಿನಲ್ಲಿ ಒಣಗುತ್ತದೆ. ಸಸಿಯ ಸುತ್ತ ತೆಂಗಿನ ನಾರು ತುಂಬಿದರೆ ಒಂದಿಷ್ಟು ಹೊತ್ತು ತೇವ ಉಳಿಯುತ್ತದೆ. ಮಳೆಗೆ ಮುಂಚಿನ ಬಿರುಗಾಳಿಗೆ ಟವರ್ ಬೀಳದಂತೆ ಕಟ್ಟೆಗೆ ತಂತಿ ಬಿಗಿಯಿರಿ. ಬಕೆಟ್ಟಿನ ಮುಚ್ಚಳದಲ್ಲಿ ಸಂದಿ ಬಿಡಬೇಡಿ: ಬೆಳಕು ಹೋದರೆ ಪಾಚಿ, ಸೊಳ್ಳೆ ಹೋದರೆ ಡೆಂಗಿಯ ಭಯ. ಪ್ಲಗ್ ನೆಲಕ್ಕೆ ತಾಗದಿರಲಿ, ಸ್ವಿಚ್ ಆಫ್ ಮಾಡದೆ ನೀರಿಗೆ ಕೈ ಹಾಕಬೇಡಿ. ಎರಡು ವಾರಕ್ಕೊಮ್ಮೆ ನೀರು ಪೂರ್ತಿ ಬದಲಿಸಿ. ತೆಗೆದ ನೀರಲ್ಲಿ ಇನ್ನೂ ಗೊಬ್ಬರ ಇರುತ್ತದೆ, ಅದನ್ನು ಅಷ್ಟೇ ಸಾದಾ ನೀರಿನ ಜತೆ ಬೆರೆಸಿ ಕುಂಡದ ಕರಿಬೇವಿಗೋ ದಾಸವಾಳಕ್ಕೋ ಹಾಕಿ.