ಸಾವಿರಕ್ಕೆ ಐದು ಕಣ್ಣು, ಐದು ಜನ ಅಲ್ಲ

ಕಣ್ಣಿನ ಪೊರೆ ಆಪರೇಷನ್ ಲೆಕ್ಕದ ಪಾಠದಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪೊರೆ ಅಂದರೇನು, ಲೆನ್ಸ್ ಹೇಗೆ ಹಾಕುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ, ಬಿಡಿ.

ಮೊದಲು ಸಿಎಸ್‌ಆರ್. ಕಂಪನಿಯವರು ಶಾಲೆಗೆ ಬೆಂಚು ಕೊಡಿಸುವ ಸಿಎಸ್‌ಆರ್ ಅಲ್ಲ! ಕ್ಯಾಟರಾಕ್ಟ್ ಸರ್ಜಿಕಲ್ ರೇಟ್. ಒಂದು ವರ್ಷದಲ್ಲಿ 10 ಲಕ್ಷ ಜನಸಂಖ್ಯೆಗೆ ಎಷ್ಟು ಪೊರೆ ಆಪರೇಷನ್ ಆದವು ಅನ್ನುವ ಲೆಕ್ಕ. ಭಾರತದಲ್ಲಿ 2016-17ರಲ್ಲಿ ಸುಮಾರು 65 ಲಕ್ಷ ಆದವು. ಆಗಿನ ಜನಸಂಖ್ಯೆ ಸುಮಾರು 130 ಕೋಟಿ.

ನನ್ನ ಅಡ್ಡದಾರಿ ಇದು. ಕೋಟಿಗೆ ಒಂದು ಲಕ್ಷ ಅಂದರೆ ನೂರಕ್ಕೆ ಒಂದು, ಅಲ್ವಾ? ಹಾಗಾಗಿ ಮೇಲೆ ಲಕ್ಷ, ಕೆಳಗೆ ಕೋಟಿ ಇಟ್ಟು ಭಾಗಿಸಿದರೆ ನೇರ ಶೇಕಡಾ ಸಿಗುತ್ತದೆ. 65 ÷ 130 = 0.5. ಇದು ನೂರಕ್ಕೆ ಎಷ್ಟು ಅನ್ನುವುದು. ನಮಗೆ ಬೇಕಿರುವುದು 10 ಲಕ್ಷಕ್ಕೆ ಎಷ್ಟು, ಅದಕ್ಕೆ 10,000ದಿಂದ ಗುಣಿಸಿ. 5,000. ಸಿಎಸ್‌ಆರ್ ಬಂತು. ಮಿಲಿಯನ್ನಿನ ಸೊನ್ನೆ ಎಣಿಸುತ್ತಾ ಕೂರುವ ಗೋಜಿಲ್ಲ.

ಎಡವಿದ್ದು ಇಲ್ಲಿಂದ ಮುಂದೆ. 0.5 ಅಂದರೆ ಸಾವಿರಕ್ಕೆ 5. ನಾನು "ಸಾವಿರ ಜನರಲ್ಲಿ 5 ಜನರಿಗೆ ಆಪರೇಷನ್ ಆಯಿತು" ಅಂತ ಬರೆದೆ. ತಪ್ಪು. ಆಪರೇಷನ್ ಆಗುವುದು ಕಣ್ಣಿಗೆ, ಎಣಿಸುವುದೂ ಕಣ್ಣನ್ನೇ. ನಮ್ಮಜ್ಜಿಗೆ ಯುಗಾದಿ ಮುಂಚೆ ಬಲಗಣ್ಣು, ದಸರಾ ಹೊತ್ತಿಗೆ ಎಡಗಣ್ಣು ಆಯಿತು. ಅಜ್ಜಿ ಒಬ್ಬರೇ, ಲೆಕ್ಕದಲ್ಲಿ ಎರಡು. ಇನ್ನೊಂದು ವಿಷಯ, ಕೆಳಗಿರುವ 130 ಕೋಟಿಯಲ್ಲಿ ತೊಟ್ಟಿಲ ಕೂಸೂ ಸೇರಿದೆ. ಪೊರೆ ಜಾಸ್ತಿ ಬರುವುದು ವಯಸ್ಸಾದವರಿಗೆ. ಅದಕ್ಕೇ 0.5 ನೋಡಿ "ಇಷ್ಟೇನಾ" ಅನಿಸಿದರೆ ಮೋಸಹೋದಂತೆ. ಇದು ಒಂದೇ ವರ್ಷದ್ದು ಬೇರೆ. ಹಿಂದಿನ ವರ್ಷಗಳಲ್ಲಿ ಮಾಡಿಸಿಕೊಂಡವರು ಇದರಲ್ಲಿ ಇಲ್ಲವೇ ಇಲ್ಲ.

ಆಪರೇಷನ್ ಬೇಕಿದ್ದವರಲ್ಲಿ ಎಷ್ಟು ಜನರಿಗೆ ಆಗಿದೆ? ಅದಕ್ಕೆ ಸಿಎಸ್‌ಸಿ, ಅಂದರೆ ಕ್ಯಾಟರಾಕ್ಟ್ ಸರ್ಜಿಕಲ್ ಕವರೇಜ್. ಆಸ್ಪತ್ರೆ ರಿಜಿಸ್ಟರ್ ಇದಕ್ಕೆ ಸಾಲದು, ಮನೆಮನೆಗೆ ಹೋಗಿ ಕಣ್ಣು ನೋಡಬೇಕು. ಆಪರೇಷನ್ ಆಗದೆ ಉಳಿದವರು ರಿಜಿಸ್ಟರಿನಲ್ಲಿ ಎಲ್ಲಿ ಸಿಗುತ್ತಾರೆ?

ಇಲ್ಲೂ ಅದೇ ಕಣ್ಣು-ಜನ ಗಲಾಟೆ. ಸುಮ್ನೆ 10 ಜನರನ್ನು ಇಟ್ಟುಕೊಳ್ಳಿ, ಎಲ್ಲರಿಗೂ ಎರಡೂ ಕಣ್ಣಿಗೆ ಪೊರೆ ಬಂದಿತ್ತು. 2 ಜನ ಎರಡೂ ಕಣ್ಣಿಗೆ ಮಾಡಿಸಿಕೊಂಡರು. 4 ಜನ ಒಂದೇ ಕಣ್ಣಿಗೆ ("ಒಂದು ಕಾಣ್ತದಲ್ಲ, ಸಾಕು ಬಿಡಪ್ಪ"). ಉಳಿದ 4 ಜನ ಮಾಡಿಸಲೇ ಇಲ್ಲ. ಜನರ ಲೆಕ್ಕದಲ್ಲಿ ಒಂದು ಕಣ್ಣಿಗೆ ಆಗಿದ್ದರೂ ಸಾಕು, 10ರಲ್ಲಿ 6, ಕವರೇಜ್ 60%. ಕಣ್ಣಿನ ಲೆಕ್ಕದಲ್ಲಿ 20ರಲ್ಲಿ 8, ಅಂದರೆ 40%. ಎರಡೂ ಸರಿಯೇ. ಪ್ರಶ್ನೆಯಲ್ಲಿ ಯಾವುದು ಕೇಳಿದ್ದಾರೆ ಅಂತ ಎರಡು ಸಲ ಓದಿ. ನಾನು ಓದಲಿಲ್ಲ, ಅಂಕ ಹೋಯಿತು.

ಈಗ ಇಸಿಎಸ್‌ಸಿ, ಅಂದರೆ ಎಫೆಕ್ಟಿವ್ (ಪರಿಣಾಮಕಾರಿ) ಕವರೇಜ್ ಅಂತಲೂ ಬಂದಿದೆ. ಆಪರೇಷನ್ ಆದರೆ ಸಾಲದು, ಆಮೇಲೆ ಚೆನ್ನಾಗಿ ಕಾಣಬೇಕು. ಇದನ್ನು 2030ರೊಳಗೆ 30 ಪಾಯಿಂಟ್ ಏರಿಸುವ ಗುರಿಯನ್ನು ವಿಶ್ವ ಆರೋಗ್ಯ ಸಭೆ 2021ರಲ್ಲಿ ಒಪ್ಪಿಕೊಂಡಿತು. 40% ಇದ್ದದ್ದು 70% ಆಗಬೇಕು. 40ರ ಶೇಕಡಾ 30 ಅಂದರೆ 12 ಅಂತ ಕೂಡಿಸಿ 52 ಅನ್ನುವಂತಿಲ್ಲ.

ಕೊನೆಗೆ, ರಾಜ್ಯ ರಾಜ್ಯಗಳನ್ನು ಹೋಲಿಸುವಾಗ ಹುಷಾರು. ಗುಜರಾತ್, ತಮಿಳುನಾಡಿನ ಸಿಎಸ್‌ಆರ್ ಹೆಚ್ಚು, ಬಿಹಾರದ್ದು ಕಡಿಮೆ. ಆದರೆ ಆಪರೇಷನ್ ಸೇರುವುದು ಅದು ನಡೆದ ಊರಿನ ಲೆಕ್ಕಕ್ಕೆ. ಗಡಿ ದಾಟಿ ಮದುರೆಗೆ ಹೋಗಿ ಪೊರೆ ತೆಗೆಸಿಕೊಂಡವರು ಭಾಗಾಕಾರದ ಮೇಲಿನ ಆಪರೇಷನ್ ಲೆಕ್ಕದಲ್ಲಿ ತಮಿಳುನಾಡಿಗೆ, ಕೆಳಗಿನ ಜನಸಂಖ್ಯೆಯಲ್ಲಿ ತಮ್ಮೂರಿಗೆ.