ಪಟ್ಟೆ ಒಂದೇ, ಕಿವಿ ಬೇರೆ

ದಕ್ಷಿಣ ಅಮೆರಿಕದ ಹಗಲು ಹಾರುವ ಪತಂಗಗಳನ್ನು ವಿಂಗಡಿಸಲು ಕೂತವರು ಮೊದಲು ಎಡವುವುದು ಸಿಲ್ಲೊಪೋಡಾ ಮತ್ತು ಜೋಸಿಯಾ ಎಂಬ ಎರಡು ಕುಲಗಳಲ್ಲಿ. ಎರಡಕ್ಕೂ ಕಪ್ಪು ರೆಕ್ಕೆ, ಬುಡದಿಂದ ಅಂಚಿನತ್ತ ಉದ್ದಕ್ಕೆ ಹಾಯ್ದ ಹಳದಿ ಇಲ್ಲವೇ ಕಿತ್ತಳೆ ಪಟ್ಟೆ. ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವು ಅನ್ನಿಸುತ್ತವೆ. ಆದರೆ ಸಿಲ್ಲೊಪೋಡಾ ಜಿಯೊಮೆಟ್ರಿಡೇ ಕುಟುಂಬದ ಸ್ಟೆರಿನೇ ಉಪಕುಟುಂಬಕ್ಕೆ ಸೇರಿದ್ದು. ಜೋಸಿಯಾ ನೊಟೊಡಾಂಟಿಡೇ ಕುಟುಂಬದ ಡಯೊಪ್ಟಿನೇ ಗುಂಪಿನದು. ಹತ್ತಿರದ ನಂಟೇ ಇಲ್ಲ.

ಹಾಗಾಗಿ ಪಟ್ಟೆಯನ್ನು ಬದಿಗಿಟ್ಟು ಕಿವಿ ಹುಡುಕಿ. ಜಿಯೊಮೆಟ್ರಿಡೇ ಪತಂಗದ ಕಿವಿ ಇರುವುದು ಹೊಟ್ಟೆಯ ಬುಡದಲ್ಲಿ, ಎರಡೂ ಮಗ್ಗುಲಿಗೆ. ಒಣ ಮಾದರಿಯನ್ನು ಓರೆಯಾಗಿ ಹಿಡಿದು, ಆ ಜಾಗದ ಹುರುಪೆಯನ್ನು ಮೆತ್ತನೆಯ ಕುಂಚದಿಂದ ಸರಿಸಿ, ಸೂಕ್ಷ್ಮದರ್ಶಕದಡಿ ನೋಡಿದರೆ ಬಟ್ಟಲಿನಂಥ ಕುಳಿ ಕಾಣುತ್ತದೆ. ಅದರೊಳಗೆ ಸುತ್ತಿಗೆಯಾಕಾರದ ಪುಟ್ಟ ಗಟ್ಟಿ ತುಂಡೊಂದಿದೆ, ಹೆಸರು ಆನ್ಸಾ. ಈ ಕುಟುಂಬಕ್ಕೆ ಇದಕ್ಕಿಂತ ನಂಬಿಕಸ್ತ ಗುರುತಿಲ್ಲ. ನೊಟೊಡಾಂಟಿಡೇಯಲ್ಲಿ ಕಿವಿ ಎದೆಯ ಹಿಂಭಾಗದಲ್ಲಿರುತ್ತದೆ.

ಇಲ್ಲೇ ದೊಡ್ಡ ತಪ್ಪಾಗುವುದು. ಜನನಾಂಗದ ಪರೀಕ್ಷೆಗೆಂದು ಹೊಟ್ಟೆಯನ್ನು ಅವಸರದಲ್ಲಿ ಮುರಿದರೆ ಕಿವಿಯೂ ಹರಿದುಹೋಗುತ್ತದೆ. ಮೊದಲು ಕಿವಿ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಹೊಟ್ಟೆಯನ್ನು ಬಿಡಿಸಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ರಾತ್ರಿ ನೆನೆಸಿ. ಹೆಚ್ಚು ಹೊತ್ತು ಬಿಟ್ಟರೆ ತೆಳು ಪೊರೆಗಳು ಕರಗಿ ಆಕಾರ ಕೆಡುತ್ತದೆ. ಹೊಟ್ಟೆಗೂ ಪತಂಗಕ್ಕೂ ಒಂದೇ ಸಂಖ್ಯೆಯ ಚೀಟಿ ಇರಲೇಬೇಕು. ಅದು ತಪ್ಪಿದರೆ ಎರಡೂ ವ್ಯರ್ಥ.

ಕುಟುಂಬ ತಿಳಿದ ಮೇಲೆ ಉಪಕುಟುಂಬ ಗುರುತಿಸಲು ನೋಡಬೇಕಾದ್ದು ರೆಕ್ಕೆಯ ನರಗಳು. ಹಿಂರೆಕ್ಕೆಯ ಅಡಿಭಾಗಕ್ಕೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಹುರುಪೆ ಕೆಲವು ಕ್ಷಣ ಪಾರದರ್ಶಕವಾಗುತ್ತದೆ. ಉಜ್ಜಬೇಡಿ, ಹುರುಪೆ ಕಿತ್ತುಬರುತ್ತದೆ. ಸ್ಟೆರಿನೇಯಲ್ಲಿ ಸಾಮಾನ್ಯವಾಗಿ ಮೊದಲ ನರ ಬುಡದ ಬಳಿ ನಡುಕೋಣೆಗೆ (ರೆಕ್ಕೆಯ ನಡುವೆ ನರಗಳು ಸುತ್ತುವರಿದ ಜಾಗಕ್ಕೆ) ತುಸುವೇ ತಾಗಿ ಥಟ್ಟನೆ ದೂರ ಸರಿಯುತ್ತದೆ. ಜಿಯೊಮೆಟ್ರಿಡೇಯ ಇನ್ನೊಂದು ಉಪಕುಟುಂಬ ಲಾರೆಂಟಿನೇಯಲ್ಲಿ ಅದು ಬಹುದೂರ ಅಂಟಿಕೊಂಡೇ ಸಾಗುತ್ತದೆ. ಮತ್ತೊಂದು ಉಪಕುಟುಂಬ ಎನ್ನೊಮಿನೇಯಲ್ಲಿ ಹಿಂರೆಕ್ಕೆಯ ನಡುಭಾಗದ ಎಂ2 ಎಂಬ ನರವೇ ಅಳಿಸಿದಂತಿರುತ್ತದೆ. ಮಾದರಿ ಹಾಳಾಗಿದ್ದರೆ ಒಂದು ಕಾಲು ಸಾಕು: ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ವಂಶವಾಹಿಯ 658 ಡಿಎನ್‌ಎ ಅಕ್ಷರಗಳ ತುಣುಕು ಉಳಿದದ್ದನ್ನು ಹೇಳುತ್ತದೆ. ಮರಿಹುಳು ಸಿಕ್ಕರಂತೂ ಸಲೀಸು. ಜಿಯೊಮೆಟ್ರಿಡೇ ಹುಳುವಿಗೆ ಹೊಟ್ಟೆಯ ಕಾಲು ಸಾಮಾನ್ಯವಾಗಿ ಎರಡೇ ಜೋಡಿ, ಅದಕ್ಕೇ ಅದು ಕೊಂಡಿಯಂತೆ ಬಾಗಿ ನಡೆಯುವುದು.

ಇನ್ನು ಈ ಹೋಲಿಕೆ ಯಾಕೆ? 1862ರಲ್ಲಿ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಬೇಟ್ಸ್ ವಿವರಿಸಿದ್ದು, ರುಚಿಯಾದ ಕೀಟ ಕಹಿ ಕೀಟದ ವೇಷ ತೊಡುವುದನ್ನು. 1879ರಲ್ಲಿ ಜರ್ಮನ್ ನಿಸರ್ಗಶಾಸ್ತ್ರಜ್ಞ ಮ್ಯೂಲರ್ ತೋರಿಸಿದ್ದು, ಕಹಿಯಾದವೇ ಒಂದೇ ವೇಷ ತೊಟ್ಟು, ಹಕ್ಕಿಗೆ ಪಾಠ ಕಲಿಸುವಾಗಿನ ಸಾವುಗಳನ್ನು ಹಂಚಿಕೊಳ್ಳುವುದನ್ನು. ಎರಡರಲ್ಲೂ ರೆಕ್ಕೆ ಕಾಣುವುದು ಒಂದೇ ಥರ. ಯಾವುದೆಂದು ತಿಳಿಯಲು ಹಕ್ಕಿಗೆ ಕೊಟ್ಟು ನೋಡಬೇಕು, ದೇಹದ ರಾಸಾಯನಿಕ ಪರೀಕ್ಷಿಸಬೇಕು. ಅಲ್ಲಿಯವರೆಗೆ ಚೀಟಿಯ ಮೇಲೆ ‘ಅನುಕರಣೆ’ ಎಂದಷ್ಟೇ ಬರೆಯಿರಿ, ಬೇಟ್ಸ್ ಹೆಸರು ಸೇರಿಸಬೇಡಿ.